ಅತ್ತೆ ಕೆಡವಿದ ವಿಮಾನ

ನಮ್ಮ ಸೋದರತ್ತೆ ಇದುವರೆಗೆ ಇನ್ನೂರು ಸಲವಾದರೂ ವಿಮಾನ ಅಪಘಾತದಿಂದ ಪಾರಾಗಿದ್ದಾರೆ. ಒಮ್ಮೆಯೂ ಸೀರೆಯ ನೆರಿಗೆ ಕದಲಿಲ್ಲ! ನಂಬುವುದಿಲ್ಲವೇ? ಯಾವುದಾದರೂ ಭಾನುವಾರ ಲಂಡನ್ನಿನ ಕಿಂಗ್ಸ್‌ಬರಿಯ ಅವರ ಮನೆಗೆ ಹೋಗಿ ನೋಡಿ. ಚಹಾ ಕೈಗೆ ಬರುವ ಮೊದಲೇ ನಿಮ್ಮನ್ನೂ ವಿಮಾನ ಹತ್ತಿಸಿ, ಮರಳುಗಾಡಿನಲ್ಲಿ ಕೆಡವಿರುತ್ತಾರೆ.

ವಿಷಯ ಇಷ್ಟೇ. ಧಾರವಾಡದಿಂದ ಮದುವೆಯಾಗಿ ಬಂದು, ಇಲ್ಲಿನ ಶಾಲೆಯೊಂದರ ಅಡುಗೆಮನೆಯಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದ ಅತ್ತೆಗೆ ಹಳೇ ಸಾಮಾನಿನ ಅಂಗಡಿಯಲ್ಲಿ ಒಂದು ಡಿವಿಡಿ ಸಿಕ್ಕಿತು. ಸಿನಿಮಾ ಆಗಷ್ಟೇ ಮಾತು ಕಲಿತಿದ್ದ ಕಾಲದ ಕಪ್ಪುಬಿಳುಪು ಚಿತ್ರ. ಮರಳುಗಾಡಿನಲ್ಲಿ ವಿಮಾನ ಬೀಳುತ್ತದೆ. ಏಳು ಜನ ಬದುಕಿ ಉಳಿಯುತ್ತಾರೆ, ಒಂಬತ್ತು ದಿನ ಸಹಾಯಕ್ಕೆ ಕಾಯುತ್ತಾರೆ. ಆಗಿನ ಮೈಕನ್ನು ಅತ್ತಿತ್ತ ಸರಿಸಲು ಆಗುತ್ತಿರಲಿಲ್ಲವಂತೆ. ಅದನ್ನು ನೀರಿನ ಕೊಡದೊಳಗೆ ಬಚ್ಚಿಟ್ಟಿದ್ದಾರೆ ಎಂಬುದು ಅತ್ತೆಯ ಸಂಶೋಧನೆ. ಹಾಗಾಗಿ ಯಾರಿಗೆ ಏನು ಹೇಳಬೇಕಾದರೂ ಕೊಡದ ಹತ್ತಿರವೇ ಬರಬೇಕು! ಕಾಲು ಮುರಿದವನು ಹತ್ತು ಮಾರು ತೆವಳಿಕೊಂಡು ಬಂದು, ಕೊಡಕ್ಕೆ ಬಾಯಿ ಕೊಟ್ಟು, ತನಗೆ ಕದಲಲು ಆಗುವುದಿಲ್ಲ ಎನ್ನುತ್ತಾನೆ.

ಇಷ್ಟೆಲ್ಲ ಮಾಡಿದರೂ ಮಾತು ಕೇಳಿಸುತ್ತದೆಯೇ? ಬರೀ ಒಗ್ಗರಣೆಯ ಚಟಪಟ. ಅದಕ್ಕೇ ಅತ್ತೆ ಟಿವಿಯ ಬಾಯಿ ಮುಚ್ಚಿಸಿ, ಎಲ್ಲರ ಮಾತನ್ನೂ ತಾವೇ ಧಾರವಾಡದ ಕನ್ನಡದಲ್ಲಿ ಆಡತೊಡಗಿದರು. ಹ್ಯಾಟಿನ ದೊರೆಯೊಬ್ಬ ನೀರಿನ ಡಬ್ಬಿಯನ್ನು ಕೋಟಿನಲ್ಲಿ ಅಡಗಿಸುವ ದೃಶ್ಯ ಬಂದರೆ ಸಾಕು, "ಏ ಟೊಪಗಿ! ಒಬ್ಬನ ಕುಡದು ಎಲ್ಲಿಗೆ ಹೋಗಾಂವ ಇದ್ದೀ? ಇಲ್ಲೇನು ಬಸ್ ಸ್ಟ್ಯಾಂಡ್ ಅದ?" ಎಂದು ಗದರುತ್ತಾರೆ.

ಕೊಲಿಂಡೇಲ್‌ನಲ್ಲಿ ನಮ್ಮ ಫ್ಲ್ಯಾಟಿನ ಎದುರಿಗಿರುವ ಹೊಸ ದಂಪತಿಯನ್ನು ಒಮ್ಮೆ ಅತ್ತೆಯ ಮನೆಗೆ ಕರೆದೊಯ್ದಿದ್ದೆ. ಪಾಪ, ಮರುದಿನವೇ ಅವರು ಬೆಂಗಳೂರಿಗೆ ಹಾರುವವರಿದ್ದರು. ಅತ್ತೆ ಬಿಟ್ಟಾರೆಯೇ? ಪೂರ್ತಿ ತೋರಿಸಿದರು. ಮರುದಿನ ವಿಮಾನದ ಬಾಗಿಲು ಹಾಕುವ ಮುಂಚೆ ಆ ಗಂಡನಿಂದ ನನಗೊಂದು ಮೆಸೇಜು ಬಂತು: "ಎಲ್ಲರ ಮುಖಾನೂ ನೋಡ್ಕೊಂಡು ಬಂದೆ. ನೀರು ಬಚ್ಚಿಡೋನು ಹದಿನಾಲ್ಕನೇ ಸಾಲಲ್ಲಿದ್ದಾನೆ."

ನಮ್ಮ ಕನ್ನಡ ಕೂಟದ ರಾಜ್ಯೋತ್ಸವ ಹತ್ತಿರ ಬಂತು. ವೇದಿಕೆಯ ಮೇಲೆ ಈ ಚಿತ್ರ ತೋರಿಸಿ ಪಾತ್ರಗಳಿಗೆ ದನಿ ಕೊಡುವುದಾಗಿ ಅತ್ತೆ ಹೆಸರು ಬರೆಸಿದರು. ಕೂಟದ ಕಾರ್ಯದರ್ಶಿ ಬೆಂಗಳೂರಿನವನು, ಮೆದು ಮಾತಿನವನು. ಸಭೆಯಲ್ಲಿ ಅವನೊಬ್ಬನೇ ಅಡ್ಡಡ್ಡ ತಲೆಯಾಡಿಸಿದ.

"ಆಂಟಿ, ಇದೊಂದು ಬೇಡ. ವಿಮಾನ ಬೀಳೋದೆಲ್ಲ ನೋಡಿದ್ರೆ ಮಕ್ಕಳು ಹೆದರ್ಕೋತಾರೆ."

"ಬೀಳೋದು ಎರಡ ನಿಮಿಷ. ಉಳದದ್ದೆಲ್ಲಾ ಬದುಕೋದು! ಬದುಕೋದಕ್ಕ ಯಾರರ ಹೆದರತಾರೇನು?"

"ಬೇರೆ ಏನಾದ್ರೂ ಮಾಡಿ. ಕೋಲಾಟ?"

"ನನ್ನ ಮೊಣಕಾಲು ನೋಡೀಯೇನು? ನಾ ಈಗ ಕೋಲು ಹಿಡದರ ಆಟಕ್ಕಲ್ಲ!"

ಚಿತ್ರ ಪಟ್ಟಿಗೆ ಸೇರದೆಯೇ ಸಭೆ ಮುಗಿಯಿತು, ಅತ್ತೆಯ ಹಟ ಶುರುವಾಯಿತು. ರಾಜ್ಯೋತ್ಸವದ ಹಿಂದಿನ ಶನಿವಾರ ಮಧ್ಯಾಹ್ನ ತಮ್ಮ ಗ್ಯಾರೇಜನ್ನೇ ಚಿತ್ರಮಂದಿರ ಮಾಡಿದರು. ಗೋಡೆಗೆ ಬಿಳಿ ಚಾದರ, ಬಾಡಿಗೆಯ ಪ್ರೊಜೆಕ್ಟರು, ಮೂರು ಬುಟ್ಟಿ ಮಿರ್ಚಿ ಭಜಿ. "ಕೂಟ ಬ್ಯಾಡ ಅಂದದ್ದನ್ನ ನೋಡಲಿಕ್ಕೆ ಬರ್ರಿ" ಎಂದು ಮನೆಮನೆಗೂ ಫೋನು! ಇಂಥ ಜಾಹೀರಾತಿಗೆ ಯಾರು ತಾನೇ ಬಾರದೆ ಇರುತ್ತಾರೆ? ಅರ್ಧ ಕೂಟವೇ ಬಂತು. ಕಾರ್ಯದರ್ಶಿಯೂ ಬಂದ. ಗೆದ್ದ ಖುಷಿಯಲ್ಲಿ ಅತ್ತೆ ಅವನನ್ನು ಮೊದಲ ಸಾಲಿನಲ್ಲೇ ಕೂರಿಸಿದರು.

ವಿಮಾನ ಹಾರಿತು. ಎಂಜಿನ್ನಿನಿಂದ ಹೊಗೆ ಬಂತು. ವಿಮಾನ ವಾಲುತ್ತಿದ್ದಂತೆ ಕಾರ್ಯದರ್ಶಿ ತಟ್ಟನೆ ಎದ್ದು ಹೊರಗೆ ಹೋದ.

"ನೋಡ್ರಿ, ಹುಡುಗೂರೆಲ್ಲಾ ಗಟ್ಟಿ ಕೂತಾವ, ದೊಡ್ಡಾಂವ ಓಡಿದ!" ಎಂದರು ಅತ್ತೆ. ಗ್ಯಾರೇಜು ಘೊಳ್ಳೆಂದಿತು. ಕನ್ನಡ ಕೇಳಿ ಇಂಗ್ಲಿಷಿನಲ್ಲೇ ಉತ್ತರಿಸುವ ಮಕ್ಕಳು, "ಬ್ರಿಂಗ್ ಹಿಮ್ ಬ್ಯಾಕ್, ಅಜ್ಜೀ!" ಎಂದು ಕೂಗಿದವು. ಅತ್ತೆ ಚಿತ್ರ ನಿಲ್ಲಿಸಿ, ಭಜಿಯ ತಟ್ಟೆ ಹಿಡಿದು ಅವನನ್ನು ಎಳೆದು ತರಲು ಹೊರಟರು. ನಾನೂ ಹಿಂದೆ ಹೋದೆ.

ಅವನು ಕೌನ್ಸಿಲ್‌ನ ಕಸದ ಡಬ್ಬಿಗಳ ಪಕ್ಕ, ಗೋಡೆಗೆ ಕೈಯೂರಿ ನಿಂತಿದ್ದ.

"ಎರಡು ನಿಮಿಷ ಆಂಟಿ. ಬಂದೆ."

"ಇದೇನೋ, ಇಷ್ಟು ಅಂಜುಬುರುಕ..." ಎಂದು ಶುರುಮಾಡಿದ ಅತ್ತೆ ಅವನ ಮುಖ ನೋಡಿ ತಟ್ಟೆಯನ್ನು ನನ್ನ ಕೈಗೆ ದಾಟಿಸಿದರು.

"ನಮ್ಮಣ್ಣ ಗಿರೀಶ ಪೈಲಟ್ ಆಗ್ತೀನಿ ಅಂತ ಟ್ರೈನಿಂಗಿಗೆ ಸೇರಿದ್ದ" ಎಂದ ಅವನು. "ಸಣ್ಣ ವಿಮಾನ. ಒಬ್ಬನೇ ಇದ್ದ. ಸಭೇಲಿ ಇದನ್ನೆಲ್ಲ ಹೇಗೆ ಹೇಳ್ಲಿ ಆಂಟಿ? ಅದಕ್ಕೇ ಮಕ್ಕಳ ಹೆಸರು ಹೇಳ್ದೆ."

ಯಾರ ಮುಂದೆಯೂ ಸೋಲದ ನಮ್ಮ ಅತ್ತೆ, "ಬಂದ್ ಮಾಡತೀನಪಾ. ಎಲ್ಲಾರಿಗೂ ಭಜಿ ಕೊಟ್ಟು ಕಳಸತೀನಿ" ಎಂದರು.

"ಬೇಡ. ಬಿದ್ದಾಯ್ತಲ್ಲ. ಬದುಕೋದನ್ನ ನೋಡ್ತೀನಿ."

ಮೂವರೂ ಒಳಗೆ ಬಂದೆವು. ಈ ಸಲ ಅತ್ತೆ ಅವನ ಪಕ್ಕದಲ್ಲೇ ಕುಳಿತು ಪಾತ್ರಗಳಿಗೆ ದನಿ ಕೊಟ್ಟರು. ಟೊಪಗಿಯವನಿಗೆ ಬೈಗುಳ ಬಿತ್ತು, ಮಕ್ಕಳು ನಕ್ಕವು. ಒಂಬತ್ತನೆಯ ದಿನ ಹುಡುಕುವವರ ವಿಮಾನ ಬಂದಿಳಿಯಿತು. ಒಬ್ಬೊಬ್ಬರೇ ಹತ್ತಿದರು. ಕೊನೆಗೆ ಉಳಿದವನು ಹಣೆಗೆ ಪಟ್ಟಿ ಕಟ್ಟಿದ ತರುಣ. ಇಡೀ ಚಿತ್ರದಲ್ಲಿ ಅವನಿಗೊಂದು ಹೆಸರಿಲ್ಲ. ಅವನೊಂದಿಗೆ ಯಾರೂ ಮಾತಾಡುವುದಿಲ್ಲ. ಇನ್ನೂರು ಸಲ ನೋಡಿದ ಅತ್ತೆಯೂ ಮಾತಾಡಿಸಿರಲಿಲ್ಲ.

ಅವನು ಮೆಟ್ಟಿಲಿನ ಮೇಲೆ ಕಾಲಿಟ್ಟಾಗ ಅತ್ತೆ ಮೊಣಕಾಲು ಒತ್ತಿಕೊಂಡು ಎದ್ದು ನಿಂತರು.

"ಗಿರೀಶಾ, ಸಾವಕಾಶ ಹತ್ತಪಾ. ಗಡಿಬಿಡಿ ಮಾಡಬ್ಯಾಡ. ನಿನ್ನ ತಮ್ಮ ಹಾದಿ ನೋಡ್ಲಿಕತ್ತಾನ."