ಆನೆಗೊಂದಿಯ ನೀರುನಾಯಿಗಳೂ ನನ್ನ ಆರು ಪ್ಲೇಟುಗಳೂ

ಫೋಟೋ ತೆಗೆಯುವವನಿಗೆ ಬಲುಬೇಗ ಸೊಕ್ಕು ಬರುತ್ತದೆ. ಎಂಥ ದೊಡ್ಡ ಮನುಷ್ಯನೂ ಅವನು ಹೇಳಿದಂತೆ ಗದ್ದ ಎತ್ತಿ, ಉಸಿರು ಬಿಗಿಹಿಡಿದು ಕೂಡುತ್ತಾನಲ್ಲ. ಗಂಗಾವತಿಯಲ್ಲಿ ನನ್ನದೊಂದು ಸ್ಟುಡಿಯೋ ಇತ್ತು. ನಿಜಾಮರ ಕಾಲ. ತಹಶೀಲ್ದಾರ ಸಾಹೇಬರಿಗೇ "ಅಲುಗಾಡಬ್ಯಾಡ್ರಿ" ಎಂದು ಹುಕುಂ ಮಾಡಿದವನು ನಾನು. ಅದೇ ಸೊಕ್ಕಿನಲ್ಲಿ ಒಂದು ದಿನ ಅವರ ಕಚೇರಿಯಲ್ಲಿ, ಆನೆಗೊಂದಿಯ ಹೊಳೆಯಲ್ಲಿರುವ ನೀರುನಾಯಿಗಳ ಫೋಟೋ ತಂದುಕೊಡುತ್ತೇನೆ ಎಂದು ಬಡಾಯಿ ಕೊಚ್ಚಿದೆ. ಸಾಹೇಬರು ಎಲ್ಲರೆದುರೂ ನಕ್ಕರು. ಅಂದಿನಿಂದ ಪೇಟೆಯಲ್ಲಿ ಎದುರಾದವರೆಲ್ಲ "ನಾಯಿ ಸಿಕ್ತೇನ್ರಿ?" ಎನ್ನತೊಡಗಿದರು. ಫೋಟೋ ಇಲ್ಲದೆ ಮುಖ ತೋರಿಸುವಂತಿರಲಿಲ್ಲ.

ಒಂದು ಮುಂಜಾನೆ ಅಂಬಿಗರ ಹನುಮಪ್ಪ ಬುಟ್ಟಿಯಂತೆ ದುಂಡಗಿದ್ದ ತನ್ನ ಹರಗೋಲಿಗೆ ನನ್ನನ್ನೂ ಕ್ಯಾಮೆರಾವನ್ನೂ ಹತ್ತಿಸಿಕೊಂಡ. ಸ್ಟುಡಿಯೋದ ಕುರ್ಚಿ ನನ್ನ ಮಾತು ಕೇಳುತ್ತದೆ. ಹರಗೋಲು ಯಾರ ಮಾತನ್ನೂ ಕೇಳುವುದಿಲ್ಲ. ನೀರುನಾಯಿ ಎಡಕ್ಕೆ ತಲೆಯೆತ್ತಿದರೆ ಅದು ನನ್ನನ್ನು ಬಲಕ್ಕೆ ತಿರುಗಿಸಿ ಬಂಡೆ ತೋರಿಸುತ್ತಿತ್ತು. ಒಂದಕ್ಕೆ ಒಂದೇ ಫೋಟೋ ಮೂಡುವ ಗಾಜಿನ ಪ್ಲೇಟು ಆರು ತಂದಿದ್ದೆ, ಅವುಗಳಲ್ಲಿ ಐದು ಹೀಗೆ ಬಂಡೆಗಳ ಪಾಲಾದವು. ಆನೆಗೊಂದಿಯಲ್ಲಿ ಬಂಡೆಗೇನು ಬರವೇ?

ಆಮೇಲೆ ಅವು ಬೇಟೆಗಿಳಿದವು. ಎಂಟೋ ಹತ್ತೋ ಇದ್ದವು. ಹೊಳೆಗೆ ಅಡ್ಡಲಾಗಿ ಬಿಲ್ಲಿನಂತೆ ಸಾಲುಗಟ್ಟಿ, ಒಂದು ಮುಳುಗಿದರೆ ಇನ್ನೊಂದು ಏಳುತ್ತ, ಮೀನಿನ ಹಿಂಡನ್ನು ದಡದತ್ತ ಅಟ್ಟಿಕೊಂಡು ಬಂದವು. ಯಾರೂ ಹುಕುಂ ಕೊಡಲಿಲ್ಲ, ಯಾವುದೂ ಸಾಲು ತಪ್ಪಲಿಲ್ಲ. ಮೀನುಗಳು ನೀರಿನಿಂದ ಚಿಮ್ಮಿ ಚಿಮ್ಮಿ ಬೀಳುತ್ತಿದ್ದವು. ದೊಡ್ಡದೊಂದು ಬಾಳೆಮೀನು ಕಚ್ಚಿಕೊಂಡು ಬಂಡೆ ಹತ್ತಿದ ತಾಯಿ, ತಾನು ತಿನ್ನದೆ ಅದನ್ನು ಮೂರು ಮರಿಗಳ ಮುಂದಿಟ್ಟಿತು. ನನ್ನ ಮೈ ಜುಮ್ಮೆಂದಿತು. ಕಣ್ಣು ಒದ್ದೆಯಾದವು ಎಂದರೂ ಸುಳ್ಳಲ್ಲ. ಇಷ್ಟು ವರ್ಷ ಜೀವವಿರುವ ಮಂದಿಯನ್ನು ಮರದ ಗೊಂಬೆಗಳಂತೆ ಕೂಡಿಸಿದ್ದೇ ನನ್ನ ಕಸುಬಾಯಿತಲ್ಲ ಎಂದು ನಾಚಿಕೆಯಾಯಿತು.

ಉಳಿದೊಂದು ಪ್ಲೇಟನ್ನು ಹಾಕಿ ಗುಂಡಿಯ ಮೇಲೆ ಬೆರಳಿಟ್ಟೆ. ತಾಯಿಯೂ ಮರಿಗಳೂ ನೇರವಾಗಿ ನನ್ನತ್ತಲೇ ನೋಡುತ್ತಿದ್ದವು. ಹನುಮಪ್ಪ ಮೆಲ್ಲಗೆ ಹುಟ್ಟು ಹಾಕಿದ, ಹರಗೋಲು ತಿರುಗಿತು. ಹಿಂದಿನ ಐದು ಸಲವೂ ಅದನ್ನು ತಿರುಗಿಸಿದ್ದು ಯಾರೆಂದು ಆಗ ನನ್ನ ಮಂಡೆಗೆ ಹೊಳೆಯಿತು.

"ಯಾಕಪಾ ಹಿಂಗ ಮಾಡ್ತಿ?" ಎಂದೆ.

"ಫೋಟೋ ತೆಗದ್ರ ಆಯುಷ್ಯ ಕಮ್ಮಿ ಆಗತೈತ್ರಿ. ಸಣ್ಣ ಮರಿ ಅದಾವ ನೋಡ್ರಿ."

ನಾನು ದೊಡ್ಡ ಭಾಷಣವನ್ನೇ ಬಿಗಿದೆ. ಗಾಜು, ಬೆಳಕು, ಔಷಧಿ, ಇಷ್ಟೇ. ಇದರಲ್ಲಿ ಆಯುಷ್ಯದ ಮಾತೆಲ್ಲಿ ಬಂತು? ಅವನು ತಾಳ್ಮೆಯಿಂದ ಕೇಳಿ, ಹರಗೋಲನ್ನು ಮತ್ತೆ ಮರಿಗಳ ಕಡೆ ತಿರುಗಿಸಿ ನಿಲ್ಲಿಸಿದ.

"ನೀವು ಕಲ್ತವ್ರು, ತೆಗೀರಿ. ನಿಮಗ ಮಕ್ಕಳು ಅದಾವೇನ್ರಿ?"

"ಎಂಟು ತಿಂಗಳ ಮಗಳು ಅದಾಳ."

"ಆಕಿದು ತೆಗದೀರೇನ್ರಿ?"

"ನಮ್ಮ ಮನ್ಯಾಕಿ ಒಪ್ಪಂಗಿಲ್ಲ," ಎಂದು ಗುಂಡಿಯ ಮೇಲಿನ ಬೆರಳು ತೆಗೆದೆ.

ಮರುದಿನ ಸಾಹೇಬರು ಮತ್ತೊಮ್ಮೆ ನಕ್ಕರು. ಹರಗೋಲು ತಿರುಗಿಬಿಟ್ಟಿತು ಎಂದೆ, ಅದನ್ನು ನಂಬಿದರು. ಅವರ ನಗೆಯನ್ನೇನೋ ನುಂಗಿಕೊಂಡೆ. ನುಂಗಲಾಗದೆ ಉಳಿದದ್ದು ಅದರ ಹಿಂದಿನ ದಿನದ್ದು, ಹೊಳೆಯಿಂದ ಮನೆಗೆ ಬಂದಾಗ ನಡೆದದ್ದು. ನನ್ನ ಹೆಂಡತಿ ಸಾಮಾನು ಇಳಿಸಿಕೊಳ್ಳುತ್ತ, ತಿಂಗಳುಗಟ್ಟಲೆ ಕೇಳುತ್ತ ಬಂದದ್ದನ್ನೇ ಮತ್ತೆ ಕೇಳಿದಳು.

"ಒಂದು ಪ್ಲೇಟು ಉಳದೈತೆಲ್ರಿ, ಇವತ್ತರ ಕೂಸಿಂದು ತೆಗೀರಿ."

"ಬೆಳಕು ಸಾಲಂಗಿಲ್ಲ," ಎಂದೆ.

ಅಂಗಳದಲ್ಲಿ ಮಟಮಟ ಮಧ್ಯಾಹ್ನ.