ಕೃಷ್ಣಮ್ಮನವರ ಅಡ್ಡಾಡುವ ಫೋನು

ಪರಮಾನಂದನ ಮದುವೆ ಒಂದು ಮೊಳ ಉದ್ದದ ಫೋನ್ ವೈರಿನ ಮೇಲೆ ನಿಂತಿತ್ತು. ಆ ವೈರನ್ನು ರಾತ್ರಿ ಇಲಿ ಕಡಿದುಹಾಕಿತ್ತು.

ಫೋನು ಅವನದಲ್ಲ, ಮನೆ ಓನರ್ ಕೃಷ್ಣಮ್ಮನವರದು. ಸಿಂಗಸಂದ್ರದಲ್ಲಿ ಅವರ ಅತ್ತೆಮಾವ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಕೃಷ್ಣಮ್ಮನವರು ಈಗ ಬಾಡಿಗೆದಾರರನ್ನು ಬೆಳೆಯುತ್ತಿದ್ದರು. ಸುತ್ತಲಿನ ಕಟ್ಟಡಗಳು ಬಸ್ಸಿನಲ್ಲಿ ನಿಂತ ಜನರ ಹಾಗೆ ಒತ್ತಿಕೊಂಡಿದ್ದರಿಂದ ಅವರ ನೆಲಮನೆಯೊಳಗೆ ಮೊಬೈಲ್ ಸಿಗ್ನಲ್ ನುಸುಳುತ್ತಿರಲಿಲ್ಲ. ಮೊಮ್ಮಕ್ಕಳಿಗೆಂದು ಹಾಕಿಸಿದ ಇಂಟರ್‌ನೆಟ್ ಜೊತೆ ಪುಕ್ಕಟೆಯಾಗಿ ಬಂದ ಲ್ಯಾಂಡ್‌ಲೈನೇ ಅವರ ಆಸರೆ. ಹಾಲಿನ ಮೂಲೆಯಲ್ಲಿ, ದೇವರ ಕ್ಯಾಲೆಂಡರಿನ ಕೆಳಗೆ, ಒಂದು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಅವರು ಲೋಕದ ಜೊತೆ ಮಾತಾಡುತ್ತಿದ್ದರು.

ಪರಮಾನಂದ ಕೊಪ್ಪಳದ ಕಡೆಯವನು. ಬೊಮ್ಮನಹಳ್ಳಿಯ ಒಂದು ಕಾರ್ಖಾನೆಯಲ್ಲಿ ಲೇಥ್ ಓಡಿಸುತ್ತಿದ್ದ. ದಿನವಿಡೀ ಮಷಿನ್ನಿನ ಗದ್ದಲದಲ್ಲಿ ನಿಂತು ಬಂದವನಿಗೆ ಮಾತು ಬೇಡವಾಗಿ, ಟೆರೇಸಿನ ಮೇಲಿನ ಒಂಟಿ ರೂಮಿನಲ್ಲಿ ಸುಮ್ಮನೆ ಕೂರುವುದೇ ಸುಖವೆನಿಸುತ್ತಿತ್ತು. ಈಚೆಗೆ ಆ ಸುಮ್ಮನಿರುವಿಕೆಯಲ್ಲಿ ಸವಿತಾ ಬಂದು ಕೂತಿದ್ದಳು. ಹೊಸಪೇಟೆಗೆ ಹೋಗಿ ಹುಡುಗಿ ನೋಡಿ ಬಂದಾಗ ಅವಳು ಕೇಳಿದ್ದು ಒಂದೇ ಪ್ರಶ್ನೆ, ಬೆಂಗಳೂರಿನ ಆ ಮನೆಯಿಂದ ಆಕಾಶ ಕಾಣುತ್ತದೆಯೇ ಎಂದು. ಕಾಣುತ್ತದೆ ಎಂದಿದ್ದ. ಇಬ್ಬರಿಗೂ ಅಷ್ಟು ಸಾಕಾಗಿತ್ತು.

ಸಾಕಾಗದೆ ಉಳಿದವನು ಅವಳ ಅಪ್ಪ ಮುತ್ತಣ್ಣ. ಮನೆತನ, ಕೆಲಸ, ಜಾತಕ ಎಲ್ಲ ಒಪ್ಪಿಕೊಂಡ ಮೇಲೂ ಒಂದು ವಿಚಾರಣೆ ಬಾಕಿ ಇಟ್ಟುಕೊಂಡಿದ್ದ. ಹುಡುಗನ ಗುಣವನ್ನು ಹೆತ್ತವಳ ಹತ್ತಿರ ಕೇಳಬಾರದು, ಮನೆ ಓನರ್ ಹತ್ತಿರ ಕೇಳಬೇಕು ಎನ್ನುವುದು ಅವನ ಸಿದ್ಧಾಂತ. ಸಂಬಂಧ ಕುದುರಿಸಿದ್ದ ಪರಮಾನಂದನ ಸೋದರತ್ತೆ ಮಲಕವ್ವ ಕೃಷ್ಣಮ್ಮನವರ ನಂಬರು ಕೊಟ್ಟಿದ್ದಳು. ಮುತ್ತಣ್ಣ ಇವತ್ತೇ ಫೋನು ಮಾಡುವವನಿದ್ದ. ನಾಳೆ ಅಮಾವಾಸ್ಯೆ, ಶುಭದ ಮಾತು ಆಡುವಂತಿಲ್ಲ. ಇವತ್ತು ಮಾತು ಮುಗಿಯದಿದ್ದರೆ, ಅದು ಕಳೆದ ಕೂಡಲೇ ಹುಬ್ಬಳ್ಳಿಯ ಇನ್ನೊಬ್ಬ ಹುಡುಗನ ಕಡೆಯವರು ಹೂ ಮುಡಿಸಲು ತಯಾರಾಗಿದ್ದರು.

ರಜೆ ಹಾಕಿ ಕೂತಿದ್ದ ಪರಮಾನಂದ ಇಲಿ ಕಡಿದ ವೈರು ಹಿಡಿದುಕೊಂಡು ಮೊದಲ ಮಹಡಿಯ ರುದ್ರೇಶನ ಬಾಗಿಲು ತಟ್ಟಿದ. ರುದ್ರೇಶ ಮೊಬೈಲ್ ಅಂಗಡಿಯಲ್ಲಿ ಕೆಲಸಕ್ಕಿದ್ದವನು, ಸಲಹೆ ಕೊಡುವುದರಲ್ಲಿ ಹಬ್ಬದ ದಿನ ಹೋಳಿಗೆ ಬಡಿಸುವವನಂಥ ಧಾರಾಳಿ. ವೈರು ಬದಲಿಸಿದರೆ ಮುಗಿಯಿತು ಎಂದು ಪರಮಾನಂದ ಹೇಳುವ ಮೊದಲೇ ಅವನು ತಲೆಯಾಡಿಸಿದ.

"ಮಗಾ, ಇನ್ನೂ ವೈರ್ ಫೋನಾ? ಕಾರ್ಡ್‌ಲೆಸ್ ಒಂದು ತಂದು ಗಿಫ್ಟ್ ಅಂತ ಇಟ್ಬಿಡು. ಓನರಮ್ಮ ನಿನ್ನ ಬಗ್ಗೆ ಏನ್ ಹೇಳ್ತಾರೆ ನೋಡು ಆಮೇಲೆ."

ಮಾತು ನಾಟಿತು. ಒಂದು ಗಂಟೆಯೊಳಗೆ ಇಬ್ಬರೂ ಡಬ್ಬದೊಂದಿಗೆ ಕೃಷ್ಣಮ್ಮನವರ ಹಾಲಿನಲ್ಲಿದ್ದರು. ಉಡುಗೊರೆ ಎಂದು ಕೇಳಿ ಕೃಷ್ಣಮ್ಮನವರ ಮುಖ ಆರತಿ ತಟ್ಟೆಯಾಯಿತು. ಹೊಸ ವಸ್ತು ಪೂಜೆಯಿಲ್ಲದೆ ಶುರುವಾಗಬಾರದೆಂದು ಅವರು ಹೂ ತರಲು ಹೊರಟರು.

ಅವರು ಅತ್ತ ಹೋದದ್ದೇ ಇತ್ತ ತೊಂದರೆ ಕಾಣಿಸಿಕೊಂಡಿತು. ಹಳೆಯ ಫೋನಿಗೆ ಕರೆಂಟು ಬೇಕಿರಲಿಲ್ಲ. ಹೊಸದರ ಪೀಠಕ್ಕೆ ಬೇಕಿತ್ತು. ಮೂಲೆಯಲ್ಲಿದ್ದ ಒಂದೇ ಪ್ಲಗ್ಗನ್ನು ಇಂಟರ್‌ನೆಟ್ ಡಬ್ಬ ಹಿಡಿದುಕೊಂಡಿತ್ತು. ಎಕ್ಸ್‌ಟೆನ್ಷನ್ ಬೋರ್ಡ್ ಹಾಕಬಹುದಿತ್ತು, ಆದರೆ ಹಾಗೆ ಮಾಡಿದರೆ ಫಿನಿಶಿಂಗ್ ಬರುವುದಿಲ್ಲ ಎಂದ ರುದ್ರೇಶ. ಗೋಡೆಯಾಚೆ ಅಡುಗೆಮನೆಯಲ್ಲಿ ಮಿಕ್ಸಿಯ ಪ್ಲಗ್ ಇತ್ತು. ಪರಮಾನಂದ ಮೇಲಿಂದ ಡ್ರಿಲ್ಲಿಂಗ್ ಮಷಿನ್ ತಂದ. ಕಬ್ಬಿಣ ಕೊರೆದು ಅಭ್ಯಾಸವಾದ ಕೈ, ಸಿಮೆಂಟಿನ ಮೇಲೆ ತುಸು ಜೋರಾಗಿಯೇ ಇಳಿಯಿತು. ತೂತಿನ ಜೊತೆಗೆ ಜೋಳದ ರೊಟ್ಟಿಯಗಲದ ಗಾರೆಯೂ ಕಳಚಿ ಬಿತ್ತು. ಇಬ್ಬರೂ ಅದನ್ನು ಒಂದು ಗಳಿಗೆ ನೋಡಿದರು. ರುದ್ರೇಶ ದೇವರ ಕ್ಯಾಲೆಂಡರನ್ನು ಎತ್ತಿ ಅದರ ಮೇಲೆ ತೂಗುಹಾಕಿದ.

ಕೃಷ್ಣಮ್ಮನವರು ಬಂದು ಸಾಂಗವಾಗಿ ಪೂಜೆ ಮಾಡಿದರು. ಫೋನಿನ ಹಣೆಗೂ ಪಾದಕ್ಕೂ ಅರಿಶಿನ ಕುಂಕುಮ, ಪೀಠಕ್ಕೆ ಹೂವು, ಪಕ್ಕದಲ್ಲಿ ನಿಂಬೆಹಣ್ಣು. ಆಮೇಲೆ ಫೋನನ್ನು ಪೀಠದಲ್ಲಿ ಕೂರಿಸಿದರೆ ದೀಪ ಹತ್ತಲಿಲ್ಲ.

ಎತ್ತಿ ಮತ್ತೆ ಕೂರಿಸಿದರೂ ಹತ್ತಲಿಲ್ಲ. ಪೀಸೇ ಡಿಫೆಕ್ಟು ಎಂದ ರುದ್ರೇಶ, ಆರಿಸಿಕೊಟ್ಟವನು ತಾನೇ ಎಂಬುದನ್ನು ಮರೆತು. ಎದುರು ಮನೆಯ ಭಾಗ್ಯಮ್ಮ ಬಾಗಿಲಿಂದ ಇಣುಕಿ, ಇದು ಖಂಡಿತ ದೃಷ್ಟಿ ಎಂದಳು. ಅವಳು ಗಾರ್ಮೆಂಟ್ಸ್‌ನಲ್ಲಿ ಎರಡನೆ ಪಾಳಿಗೆ ಹೋಗುವವಳು, ಬೆಳಗಿನ ಹೊತ್ತೆಲ್ಲ ಇಡೀ ಕಟ್ಟಡದ ಚಿಂತೆಗೆ ಮೀಸಲು. ದೃಷ್ಟಿ ತೆಗೆಯಲು ಅವಳು ಉಪ್ಪು ಮೆಣಸಿನಕಾಯಿ ತಂದಳು. ರುದ್ರೇಶ ಫೋನಿನ ಗುಂಡಿಗಳನ್ನೆಲ್ಲ ಒತ್ತಿ, ಉಳಿದಿದ್ದ ತುಸು ಚಾರ್ಜಿನಲ್ಲೇ ಅದರ ಭಾಷೆಯನ್ನು ಯಾರಿಗೂ ಓದಲಾಗದ ಯಾವುದೋ ದೇಶದ ಭಾಷೆಗೆ ಬದಲಾಯಿಸಿದ. ಪರಮಾನಂದ ಮಾತ್ರ ಫೋನನ್ನು ತಿರುಗಿಸಿ ನೋಡಿದ. ಚಾರ್ಜ್ ಹಿಡಿಯಬೇಕಾದ ಎರಡು ಪುಟ್ಟ ಪಿನ್ನುಗಳ ಮೇಲೆ ಕುಂಕುಮ ದಪ್ಪಗೆ ಮೆತ್ತಿಕೊಂಡಿತ್ತು. ಭಕ್ತಿ ವಿದ್ಯುತ್ತನ್ನು ತಡೆದಿತ್ತು. ಅಂಗಿಯ ತುದಿಯಿಂದ ಒರೆಸಿದಾಗ ಹಸಿರು ದೀಪ ಹತ್ತಿತು. ಭಾಗ್ಯಮ್ಮ ತನ್ನ ಮೆಣಸಿನಕಾಯಿಗೆ ಕೈಮುಗಿದಳು.

ಅವನು ಕೈ ತೊಳೆದು ಬರುವಷ್ಟರಲ್ಲಿ ಕೃಷ್ಣಮ್ಮನವರು ಫೋನಿನ ಸೊಂಟಕ್ಕೆ ಹೂ ಕಟ್ಟುವ ದಾರ ಬಿಗಿದು, ಇನ್ನೊಂದು ತುದಿಯನ್ನು ಕಿಟಕಿಯ ಸರಳಿಗೆ ಕಟ್ಟಿದ್ದರು. ವೈರಿಲ್ಲದ ಫೋನಿಗೆ ದಾರ ಯಾಕೆಂದು ಕೇಳಿದ್ದಕ್ಕೆ ಅವರದು ಸರಳ ಉತ್ತರ.

"ವೈರ್ ಇಲ್ದಿದ್ರೆ ಯಾರಾದ್ರೂ ಎತ್ಕೊಂಡ್ ಓಗಲ್ವೇನಪ್ಪ. ನಲ್ಲಿ ಮಗ್ಗಿಗೇ ಚೈನ್ ಆಕಿದೀನಿ, ಇದನ್ ಇಂಗೇ ಬಿಡ್ತೀನಾ?"

ಆ ಹೊತ್ತಿಗೇ ಫೋನು ಬಡಿದುಕೊಂಡಿತು. ರುದ್ರೇಶ ಒತ್ತಿದ ಗುಂಡಿಗಳಲ್ಲಿ ಸ್ಪೀಕರಿನದೂ ಇತ್ತೆಂದು ಕಾಣುತ್ತದೆ. ಹೊಸಪೇಟೆಯ ಮುತ್ತಣ್ಣನ ದನಿ ಹಾಲಿಗೆಲ್ಲ ಕೇಳಿಸಿತು. ಪರಮಾನಂದ ಬಾಗಿಲ ಹಿಂದೆ ನಿಂತ, ಪರೀಕ್ಷೆಯ ಫಲಿತಾಂಶ ಹಚ್ಚುವ ಬೋರ್ಡಿನ ಮುಂದೆ ನಿಂತವನಂತೆ.

ದಾರದ ಅಳತೆಯೊಳಗೆ ಕುರ್ಚಿ ಎಳೆದುಕೊಂಡು, ಹೊಸ ಫೋನಿನ ಸಂತೋಷದಲ್ಲಿ ಕೃಷ್ಣಮ್ಮನವರು ಹೊಗಳಲು ಕೂತರು. ಕುಡಿಯುವುದಿಲ್ಲ, ಸೇದುವುದಿಲ್ಲ, ಇದ್ದಾನೋ ಇಲ್ಲವೋ ತಿಳಿಯುವುದಿಲ್ಲ. ಹಬ್ಬಕ್ಕೆ ತೋರಣ ಕಟ್ಟುವವನೂ ಅವನೇ, ಮೋಟಾರ್ ಕೆಟ್ಟರೆ ಕೈ ಹಾಕುವವನೂ ಅವನೇ. ತಲೆ ಎತ್ತಿ ಒಂದು ಹೆಣ್ಣನ್ನು ನೋಡಿದವನಲ್ಲ ಎಂದು ಭಾಗ್ಯಮ್ಮ ಹಿಂದಿನಿಂದ ಸೇರಿಸಿದಳು. ನಮ್ಮ ಏರಿಯಾಕ್ಕೇ ಮಾದರಿ ಎಂದ ರುದ್ರೇಶ. ಕೊನೆಗೆ ಕೃಷ್ಣಮ್ಮನವರು ಮುದ್ರೆ ಒತ್ತಿದರು:

"ನನ್ ಒಟ್ಟೇಲಿ ಉಟ್ಟಿದ್ರೂ ಇಷ್ಟು ಒಳ್ಳೇವ್ನು ಉಟ್ತಿರ್ಲಿಲ್ಲ ಕಣ್ರೀ."

ಆ ಕಡೆ ಮುತ್ತಣ್ಣ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ "ಆತ್ರೀ ತಾಯಿ" ಎಂದು ಫೋನಿಟ್ಟ. ಭಾಗ್ಯಮ್ಮ ಸಕ್ಕರೆ ಹಂಚಿದಳು. ಪರಮಾನಂದನ ಬಾಯಲ್ಲಿ ಸಕ್ಕರೆ ಕರಗಿತು, ಆ ಮೌನ ಕರಗಲಿಲ್ಲ. ಮೌನಗಳ ಜೊತೆ ಅವನಿಗೆ ಹಳೆಯ ಪರಿಚಯವಿತ್ತು. ಇದು ಒಪ್ಪಿದವರ ಮೌನವಾಗಿರಲಿಲ್ಲ.

ಮಧ್ಯಾಹ್ನ ಟೆರೇಸಿನಲ್ಲಿ ಮೊಬೈಲು ಅದನ್ನೇ ಹೇಳಿತು. ಮಲಕವ್ವ ಅಳುವುದೋ ನಗುವುದೋ ತಿಳಿಯದ ದನಿಯಲ್ಲಿದ್ದಳು. ಮುತ್ತಣ್ಣ ಸಂಬಂಧ ಬೇಡವೆಂದಿದ್ದ. ಹೊಸಪೇಟೆಯಲ್ಲಿ ಅವನವೇ ನಾಲ್ಕಾರು ಬಾಡಿಗೆ ಮನೆಗಳಿದ್ದವು. ಹೋದ ವರ್ಷ ಒಬ್ಬ ಪುಂಡ ಬಾಡಿಗೆದಾರ ಏನು ಮಾಡಿದರೂ ಮನೆ ಬಿಡದಿದ್ದಾಗ, ಅವನ ಬಗ್ಗೆ ವಿಚಾರಿಸಲು ಬಂದ ಹೆಣ್ಣಿನ ಕಡೆಯವರ ಮುಂದೆ ಮುತ್ತಣ್ಣ ಹೀಗೇ ಬಾಯ್ತುಂಬ ಹೊಗಳಿ, ಮದುವೆ ಮಾಡಿಸಿ, ಹೆಂಡತಿಯ ಊರಿಗೆ ಸಾಗಹಾಕಿದ್ದನಂತೆ.

"ಬೆಂಗ್ಳೂರಾಗ ಬಾಡಿಗಿದಾರನ್ನ ಹೊಗಳೋ ಓನರ್ ಎಲ್ಲಿದ್ದಾರ, ಆ ಹುಡುಗನ್ನ ಹೊರಗ ಹಾಕಾಕ ಹೊಂಟಾರ, ಅಂತಾನಪಾ ಅವ" ಎಂದಳು ಮಲಕವ್ವ. ಕಾಡಿಬೇಡಿ ಸಂಜೆ ಇನ್ನೊಮ್ಮೆ ಫೋನು ಮಾಡಲು ಅವನನ್ನು ಒಪ್ಪಿಸಿದ್ದಳು. "ನಿಮ್ಮ ಓನರಮ್ಮಗ ಒಂದೆರಡು ತಪ್ಪು ಹೇಳಾಕ ಹೇಳು. ಉಪ್ಪಿನಕಾಯಿ ಇದ್ದಂಗ ಇರ್ಲಿ, ಎಲಿ ತುದೀಗಿ ಇಷ್ಟು."

ಪರಮಾನಂದ ಕೆಳಗಿಳಿದು ತನ್ನ ಜೀವಮಾನದ ಅತಿ ಉದ್ದದ ಮಾತಾಡಿದ. ಕೃಷ್ಣಮ್ಮನವರಿಗೆ ಮೊದಲು ಅರ್ಥವಾಗಲಿಲ್ಲ, ಅರ್ಥವಾದ ಮೇಲೆ ಬೇಸರವಾಯಿತು. ಕ್ಯಾಲೆಂಡರಿನ ಕೆಳಗೆ ಕೂತು ದೇವರ ಪಾದದಡಿಯಲ್ಲೇ ಸುಳ್ಳು ಹೇಳಲೇ ಎಂದರು. ಒಂದು ತಪ್ಪನ್ನಾದರೂ ನೆನೆಯಲು ಕಣ್ಣು ಮುಚ್ಚಿ ಕೂತರು. ಸಂಜೆಯವರೆಗೂ ಒಂದೂ ಹೊಳೆಯಲಿಲ್ಲ.

"ಕುಂತ್ರ ಹೊಳಿಯಂಗಿಲ್ರೀ ಅಮ್ಮಾರ" ಎಂದ ಪರಮಾನಂದ. "ಇದು ಅಡ್ಡಾಡೋ ಫೋನು. ಟೆರೇಸ್‌ತನಕ ಹೋದ್ರೂ ಕೇಳತೈತಿ. ತಿರುಗಾಡಕೋತ ಮಾತಾಡ್ರಿ, ಏನರ ನೆನಪಾದೀತು."

ಹಾಗೆಂದು, ಅಷ್ಟು ಹೊತ್ತಿಗೆ ಹೊಟ್ಟೆ ತುಂಬ ಚಾರ್ಜ್ ಕುಡಿದಿದ್ದ ಫೋನಿನ ದಾರವನ್ನು ತನ್ನ ಕೈಯಾರೆ ಬಿಚ್ಚಿದ.

ಫೋನು ಬಂತು. ಕೃಷ್ಣಮ್ಮನವರು ಎದ್ದು ನಿಂತರು. ಹುಡುಗ ಒಳ್ಳೆಯವನೇ, ತಪ್ಪೆಂದರೆ, ತಪ್ಪೆಂದರೆ, ಎನ್ನುತ್ತ ಹಾಲಿನಲ್ಲಿ ಎರಡು ಸುತ್ತು ಹಾಕಿದರು. ಫೋನು ಹಿಡಿದು ನಡೆಯುವುದು ಅವರಿಗೆ ಜೀವನದಲ್ಲಿ ಮೊದಲ ಸಲ. ನಡಿಗೆಯ ರುಚಿ ಹತ್ತಿ ಸೆರಗು ಬೀಸಿ ತಿರುಗಿದಾಗ ಅದರ ಗಾಳಿಗೆ ಕ್ಯಾಲೆಂಡರು ಓರೆಯಾಯಿತು. ಕೃಷ್ಣಮ್ಮನವರು ನಿಂತರು. ರೊಟ್ಟಿಯಗಲದ ಗಾಯವನ್ನು ಬೆರಳಿನಿಂದ ಮುಟ್ಟಿ ನೋಡಿದರು.

"ತಡೀರಿ, ಒಂದು ಸಿಕ್ತು" ಎಂದರು ಫೋನಿಗೆ. "ಗೋಡೆ ಕೊರೀತಾನೆ. ಏಳ್ದೆ ಕೇಳ್ದೆ."

ಇಷ್ಟು ಸಾಕೆಂದು ಪರಮಾನಂದ ಎರಡೂ ಕೈ ಮುಗಿದ. ಆದರೆ ಫೋನಿನ ದಾರದ ಜೊತೆ ಅವರ ಕಾಲಿನ ದಾರವೂ ಬಿಚ್ಚಿಹೋಗಿತ್ತು. ಅಂಗಳಕ್ಕೆ ಹೊರಟರು. ಎಷ್ಟೋ ವರ್ಷಗಳಿಂದ ದಿನವೂ ದಾಟಿ ಹೋಗುತ್ತಿದ್ದ ಅಂಗಳವನ್ನು, ತಪ್ಪು ಹುಡುಕುವ ಕಣ್ಣಿನಿಂದ ಅವರು ನೋಡಿದ್ದು ಅದೇ ಮೊದಲು. ತುಳಸಿಕಟ್ಟೆಯ ಪಕ್ಕ ಅವನ ಬೈಕಿನಿಂದ ಸೋರಿದ ಎಣ್ಣೆ ಕರ್ನಾಟಕದ ನಕಾಶೆಯಂತೆ ಹರಡಿತ್ತು. ಹೇಳಿದರು. ಮೆಟ್ಟಿಲ ಮೂಲೆಯಲ್ಲಿ ಅವನ ಕಾರ್ಖಾನೆ ಬೂಟು, ಅದರೊಳಗೆ ತೇವದ ಸಾಕ್ಸು. ಬಗ್ಗಿ ಮೂಸಿ, ಅದರ ವರದಿಯನ್ನೂ ಹೊಸಪೇಟೆಗೆ ಒಪ್ಪಿಸಿದರು. ಪರಮಾನಂದ ಹಿಂದೆ ಹಿಂದೆ, ಮೆರವಣಿಗೆಯಲ್ಲಿ ಛತ್ರಿ ಹಿಡಿದವನಂತೆ. ಅವನ ಹಿಂದೆ ರುದ್ರೇಶ. ಡ್ಯೂಟಿ ತಪ್ಪಿಸಿಕೊಂಡಿದ್ದ ಭಾಗ್ಯಮ್ಮ ಸಾಲಿನ ಕೊನೆಗೆ.

ಫೋನು ಎಲ್ಲೂ ಕೈಕೊಡಲಿಲ್ಲ. ಡಬ್ಬದ ಮೇಲೆ ಬರೆದಿದ್ದಂತೆಯೇ ಟೆರೇಸಿನವರೆಗೂ ದನಿ ಗಂಟೆಯಂತೆ ಸ್ಪಷ್ಟವಾಗಿತ್ತು. ಟೆರೇಸಿನಲ್ಲಿ ಪರಮಾನಂದ ಬಟ್ಟೆ ಒಣಗಿಸುವ ಹಗ್ಗವನ್ನು ಸೋಲಾರ್ ಪೈಪಿಗೆ ಬಿಗಿದಿದ್ದ. ಪೈಪು ಬಿಲ್ಲಿನಂತೆ ಬಾಗಿತ್ತು. ಕೃಷ್ಣಮ್ಮನವರ ದನಿ ಈಗ ಪಕ್ಕದ ಕಟ್ಟಡಗಳಿಗೂ ಕೇಳಿಸುತ್ತಿತ್ತು.

"ಮೂಕನ್ ಅಂಗೆ ಇರ್ತಾನೆ, ಮಾಡೋದ್ ನೋಡಿ ಕೆಲ್ಸ. ನಾನ್ ಮುಂಡೇದು ದೇವ್ರಂಥೋನು ಅನ್ಕೊಂಡಿದ್ದೆ. ಇವ್ನು ಇನ್ನೊಂದ್ ವರ್ಸ ಇದ್ರೆ ಬಿಲ್ಡಿಂಗೇ ಉಳಿಯಲ್ಲ."

ಪರಮಾನಂದ ನೀರಿನ ಟ್ಯಾಂಕಿಗೆ ಒರಗಿ ಕೂತುಬಿಟ್ಟ. ಹುಬ್ಬಳ್ಳಿಯ ಹುಡುಗನ ಮುಖ ಹೇಗಿರಬಹುದೆಂದು ಯೋಚಿಸಿದ. ಫೋನಿನಲ್ಲಿ ಕೆಮ್ಮಿದಂಥ ಸದ್ದು ಬಂತು. ಕೆಮ್ಮಲ್ಲ, ಮುತ್ತಣ್ಣ ನಗುತ್ತಿದ್ದ.

"ಸಾಕ್ರೀ ತಾಯಿ, ಸಾಕು. ಈಗ ನಂಬಿಕಿ ಬಂತು. ಹುಡುಗ ಖರೇನ ಬಾಡಿಗಿ ಮನ್ಯಾಗ ಅದಾನ, ಖರೇ ಓನರ್ ಜೋಡೀನ ಮಾತಾಡಾಕತ್ತೀನಿ. ಕುಡಿತ ಇಲ್ಲ, ಜೂಜಿಲ್ಲ, ಬರೇ ಪೈಪು, ಸಾಕ್ಸು. ನನ್ನ ಮಗಳನ್ನ ಕೊಟ್ಟೆ."

ರುದ್ರೇಶ ಪರಮಾನಂದನನ್ನು ಎತ್ತಿ ನಿಲ್ಲಿಸಿದ. ಮುತ್ತಣ್ಣನ ಮಾತು ಇನ್ನೂ ಮುಗಿದಿರಲಿಲ್ಲ.

"ಒಂದ ಷರತ್ತು. ಲಗ್ನ ಆದಮ್ಯಾಲ ನನ್ನ ಮಗಳು ಅದೇ ಮನ್ಯಾಗ, ನಿಮ್ಮ ಕಣ್ಣ ಕೆಳಗ ಇರಬೇಕು. ಇಷ್ಟು ನೆಟ್ಟಗ ಮಾತಾಡೋ ಓನರ್ ನನಗ ಬ್ಯಾರೆ ಕಡೆ ಸಿಗಂಗಿಲ್ಲ. ಮನಿ ಬದಲಿಸಿದ್ರ ಮಾತು ಮುರಿತು."

ಇಷ್ಟು ಹೇಳಿ ಮುತ್ತಣ್ಣ ಫೋನಿಟ್ಟ. ಭಾಗ್ಯಮ್ಮ ಸಕ್ಕರೆ ಡಬ್ಬಿ ತರಲು ಓಡಿದಳು. ಪರಮಾನಂದನ ತಲೆಯ ಮೇಲೆ ಸಂಜೆಯ ಆಕಾಶ ಪೂರ್ತಿಯಾಗಿತ್ತು. ಅದನ್ನು ಇನ್ನೊಬ್ಬಳಿಗೆ ತೋರಿಸುವ ದಿನ ಬಂತೆಂದು ಅವನಿಗೆ ನಂಬಲಾಗಲಿಲ್ಲ. ಕಾಲಿಗೆ ಬೀಳಲೆಂದು ಕೃಷ್ಣಮ್ಮನವರ ಕಡೆ ತಿರುಗಿದ.

ಕೃಷ್ಣಮ್ಮನವರು ಬಾಗಿದ ಪೈಪನ್ನೇ ನೋಡುತ್ತಿದ್ದರು. ಇಷ್ಟು ಹೊತ್ತು ಬೇರೆಯವರಿಗೆಂದು ಹೇಳಿದ್ದೆಲ್ಲ ಈಗ ತಿರುಗಿ ಅವರ ಕಿವಿಗೇ ಬೀಳುತ್ತಿದ್ದಂತಿತ್ತು.

"ಒಳ್ಳೇದಾಗ್ಲಿ ಕಣಪ್ಪ, ಮದ್ವೆ ಮಾಡ್ಕೊ" ಎಂದರು ಶಾಂತವಾಗಿ. "ತಿಂಗ್ಳು ಮುಗಿಯೋದ್ರೊಳ್ಗೆ ರೂಮ್ ಖಾಲಿ ಮಾಡ್ಬುಡು."

ಪರಮಾನಂದ ಷರತ್ತನ್ನು ನೆನಪಿಸಿದ. ಅದು ನಿಮ್ಮ ಮಾವನ ಮಾತು, ಇದು ನನ್ನ ಮನೆ ಎಂದರು. ತಪ್ಪು ಹೇಳಿ ಎಂದು ತಾನೇ ಬೇಡಿಕೊಂಡದ್ದಲ್ಲವೇ ಎಂದು ಅವನು ಗೋಗರೆದ. ಹೌದು, ನೀನು ಕೇಳದಿದ್ದರೆ ನನಗೆ ತಿಳಿಯುತ್ತಲೇ ಇರಲಿಲ್ಲ ಎಂದು ಅವರು ಅದಕ್ಕೂ ಒಪ್ಪಿಕೊಂಡರು. ರುದ್ರೇಶ ನಡುವೆ ಬಾಯಿ ಹಾಕಿ, ಇಷ್ಟು ಬೇಗ ಇವನಿಗೆ ಬೇರೆ ರೂಮು ಯಾರು ಕೊಡುತ್ತಾರೆ, ಹೊಸ ಓನರು ಕೂಡ ಫೋನು ಮಾಡಿ ವಿಚಾರಿಸುವುದಿಲ್ಲವೇ ಎಂದ.

ಕೃಷ್ಣಮ್ಮನವರು ಫೋನನ್ನು ಸೆರಗಿನಿಂದ ಒರೆಸಿಕೊಂಡು ಮೆಟ್ಟಿಲಿಳಿಯುತ್ತ ಧೈರ್ಯ ಹೇಳಿದರು.

"ಅದ್ಕೆ ಯಾಕ್ ಯೋಚ್ನೆ. ಯಾರ್ ಬೇಕಾದ್ರೂ ಫೋನ್ ಮಾಡ್ಲಿ. ನನ್ ಒಟ್ಟೇಲಿ ಉಟ್ಟಿದ್ರೂ ಇಷ್ಟು ಒಳ್ಳೇವ್ನು ಉಟ್ತಿರ್ಲಿಲ್ಲ ಅಂತ ಏಳ್ತೀನಿ."