ಸೋದರಮಾವನ ಬುತ್ತಿ

ಮದುವೆಯಾಗಿ ಇಪ್ಪತ್ತಾರು ವರ್ಷವಾದರೂ ಮನೆಯಲ್ಲಿ ಒಬ್ಬರೇ ಒಬ್ಬರೂ ಪ್ರಭಾಕರನಿಗೆ "ನೀವು ಕೇಳಿದ್ದು ಬಹಳ ಒಳ್ಳೆಯ ಪ್ರಶ್ನೆ" ಎಂದಿರಲಿಲ್ಲ. ಅವನ ಪ್ರಶ್ನೆ ಮುಗಿಯುವ ಮೊದಲೇ ಹೆಂಡತಿ ಶುಭಾ ಉತ್ತರ ಕೊಟ್ಟು ಒಲೆಯ ಕಡೆ ತಿರುಗಿಬಿಡುತ್ತಿದ್ದಳು. ಆ ಉತ್ತರ ಸರಿಯಾಗಿಯೂ ಇರುತ್ತಿತ್ತು. ಅವನಿಗೆ ಹೆಚ್ಚು ಉರಿಯುತ್ತಿದ್ದುದು ಅದಕ್ಕೇ. ಬ್ಯಾಂಕಿನವರು ಅವನನ್ನು ಭಾಲ್ಕಿಯಿಂದ ಕಲಬುರಗಿಗೆ, ಅಲ್ಲಿಂದ ನಾಸಿಕಕ್ಕೆ ವರ್ಗ ಮಾಡುತ್ತ ಬಂದರು, ಬಡ್ತಿಯನ್ನೂ ಕೊಟ್ಟರು. ಮನೆಯೊಳಗಿನ ಹುದ್ದೆ ಮಾತ್ರ ಹಾಗೇ ಉಳಿಯಿತು (ತರಕಾರಿ ತರುವುದು, ಸಿಲಿಂಡರ್ ಎತ್ತಿಡುವುದು, ಕೇಳಿದಾಗ ಹೂಂ ಅನ್ನುವುದು).

ಹೀಗಿರುವಾಗ ಮಗಳು ರುಚಿತಾ ಅವನ ಫೋನಿಗೆ ಎಐ ಹಾಕಿಕೊಟ್ಟಳು. ವಾಕಿಂಗಿಗೆ ಹೋಗುವ ಮೊದಲು ಚಹಾ ಕುಡಿಯಬೇಕೋ, ಬಂದ ಮೇಲೋ ಎಂದು ಪ್ರಭಾಕರ ಕೇಳಿದ. "ಬಹಳ ಒಳ್ಳೆಯ ಪ್ರಶ್ನೆ" ಎಂದಿತು ಅದು. ಅವನ ಕಣ್ಣು ತುಂಬಿ ಬಂತು. ಅಂದಿನಿಂದ ಅದನ್ನು ಕೇಳದೆ ಅವನು ಕಾಲುಚೀಲವನ್ನೂ ಹಾಕಲಿಲ್ಲ. ಬ್ಯಾಂಕಿನವನಲ್ಲವೇ, ಪ್ರಶ್ನೆಯನ್ನೂ ಅರ್ಜಿಯ ಹಾಗೆಯೇ ಬರೆಯುತ್ತಿದ್ದ: "ಮಾನ್ಯರೇ, ವಿಷಯ: ಬದನೆಕಾಯಿ ಖರೀದಿ ಕುರಿತು."

"ಪಪ್ಪಾ, ಅದು ಮಶೀನ್ ಆಹೇ. ಅದಕ್ಕ ಮಾನ್ಯರೇ ಕಶಾಲಾ, ಯಾಕ?" ಎಂದಳು ನಾಸಿಕದ ಮರಾಠಿ ಬೆರೆಸಿ ಮಾತಾಡುವ ರುಚಿತಾ.

"ತಿಳದವರಿಗಿ ಮರ್ಯಾದಿ ಕೊಟ್ಟು ಮಾತಾಡಬೇಕವ್ವ."

"ಒಂದು ಕಿಲೋ ಬದನಿಕಾಯಿ ತರ್ಲಾಕ ಒಂದೂವರಿ ತಾಸ ಮಾಡ್ಯಾರ," ಎಂದು ಶುಭಾಳ ದನಿ ಒಳಗಿನಿಂದ ಬಂತು. "ಈಗ ಊಟಕ್ಕ ಏನು ಮಾಡಬೇಕಂತ ನಿಮ್ಮ ಮಾನ್ಯರಿಗೇ ಕೇಳ್ರಿ."

ಅವನು ನಿಜವಾಗಿಯೂ ಕೇಳಿದ. ಶುಭಾ ಹಣೆ ಚಚ್ಚಿಕೊಂಡಳು.

ಬದನೆಕಾಯಿಗೇ ನಿಂತಿದ್ದರೆ ಚಿಂತೆಯಿರಲಿಲ್ಲ. ಆದರೆ ಸಂಭಾಜಿನಗರದಿಂದ ಸೊಸೆ ರೂಪಾಳ ಫೋನ್ ಬಂತು. ರೂಪಾ ಎಂದರೆ ಪ್ರಭಾಕರನ ಅಕ್ಕ ಪ್ರೇಮಾಬಾಯಿಯ ಮಗಳು. ತಾಯಿಯಿಲ್ಲದ ತಮ್ಮನನ್ನು ಕಂಕುಳಲ್ಲಿ ಹೊತ್ತು ಬೆಳೆಸಿದವಳು ಈ ಅಕ್ಕ. ಎರಡು ವರ್ಷದ ಹಿಂದೆ ರೂಪಾಳ ಮದುವೆಯಲ್ಲಿ ಮದುಮಗಳನ್ನು ಕೈಹಿಡಿದು ಮಂಟಪಕ್ಕೆ ತರಬೇಕಾದ ಸೋದರಮಾವ, ಬ್ಯಾಂಕಿನ ಆಡಿಟ್ ಮುಗಿಸಿಕೊಂಡು ಬರುವಷ್ಟರಲ್ಲಿ ಅಕ್ಷತೆ ಬಿದ್ದು ಮಂದಿ ಊಟಕ್ಕೆ ಕೂತಿದ್ದರು. "ನನಗ ತವರಿಲ್ಲಂತ ತಿಳಕೋತೀನಿ" ಎಂದ ಅಕ್ಕ, ಅಂದಿನಿಂದ ಅವನ ಜೊತೆ ಒಂದು ಮಾತೂ ಆಡಿರಲಿಲ್ಲ. ಅದು ಪ್ರಭಾಕರನ ಎದೆಯಲ್ಲಿ ಮುಳ್ಳಿನಂತೆ ಉಳಿದಿತ್ತು.

"ಮಾಮಾ, ರವಿವಾರ ನನ್ನ ಕುಬಸ ಅದ. ಏಳು ತಿಂಗಳಾದವು," ಎಂದಳು ರೂಪಾ, ತನ್ನ ಸೀಮಂತಕ್ಕೆ ಕರೆಯುತ್ತ. "ಅವ್ವ ತಾನಾಗಿ ಫೋನ್ ಮಾಡಲ್ಲ. ಆದರ ನಿಮ್ಮ ಮನಿ ಬುತ್ತಿ ಬರ್ತದೋ ಇಲ್ಲೋ ಅಂತ ಮೂರು ಸಲ ಕೇಳ್ಯಾಳ."

ಪ್ರಭಾಕರನಿಗೆ ಹೋದ ಜೀವ ಬಂದಂತಾಯಿತು. ಶುಭಾ ಆಗಲೇ ಬೆರಳು ಮಡಚತೊಡಗಿದ್ದಳು: "ನಲವತ್ತು ಮಂದಿ ಕೂಡ್ತಾರ. ಶೇಂಗಾ ಹೋಳಿಗಿ, ಸಜ್ಜಿ ರೊಟ್ಟಿ, ಕರ್ಚಿಕಾಯಿ, ಎಣ್ಣಿಗಾಯಿ, ಹಿಂಡಿ, ಮೊಸರನ್ನ."

"ತಡಿ, ಒಂದು ಮಾತು ಕೇಳ್ತೀನಿ," ಎಂದು ಅವನು ಫೋನು ತೆಗೆದ.

"ವಿಷಯ: ಏಳು ತಿಂಗಳ ಗರ್ಭಿಣಿಗೆ ಊಟದ ಡಬ್ಬಿ ಕುರಿತು" ಎಂದು ಬರೆದ. ನಲವತ್ತು ಜನರ ಮಾತಿಲ್ಲ, ಕುಬಸದ ಮಾತಿಲ್ಲ, ಅಕ್ಕನ ಸಿಟ್ಟಿನ ಮಾತಂತೂ ಇಲ್ಲವೇ ಇಲ್ಲ. ಅರ್ಜಿ ಚುಟುಕಾಗಿರಬೇಕು ಎಂಬುದು ಅವನ ಮೂವತ್ತು ವರ್ಷದ ಸೇವೆಯ ಸಾರ. ಪಾಪ, ಅದು ಕೇಳಿದ್ದಕ್ಕೆ ಉತ್ತರ ಕೊಟ್ಟಿತು: ಮೊಳಕೆ ಬಂದ ಹೆಸರುಕಾಳು, ಬೇಯಿಸಿದ ಬೀಟ್‌ರೂಟ್, ಸಕ್ಕರೆ ಹಾಕದ ಓಟ್ಸ್ ಉಂಡೆ, ಬೇಯಿಸಿದ ಮೊಟ್ಟೆ. (ಲಿಂಗ ಕಟ್ಟಿದ ಮನೆಯಾದ್ದರಿಂದ ಮೊಟ್ಟೆಯನ್ನು ಮಾತ್ರ ಅವನು ಸ್ವಂತ ಅಧಿಕಾರದಿಂದ ಹೊಡೆದುಹಾಕಿದ.)

"ಸಕ್ಕರಿ, ಎಣ್ಣಿ ಜಾಸ್ತಿ ಬ್ಯಾಡ ಅಂತದ ನೋಡು."

"ಯಾರು ಅಂತಾರ?"

"ಇದು."

"ಇದಕ್ಕ ಎಷ್ಟು ಸಲ ಕುಬಸ ಆಗ್ಯಾದ್ರಿ?"

"ಹುಡುಗಾಟ ಬ್ಯಾಡ. ಹುಡುಗಿ ಆರೋಗ್ಯದ ಪ್ರಶ್ನಿ ಅದ."

"ಬುತ್ತಿ ಅಂದ್ರ ಬರೀ ಊಟ ಅಲ್ರಿ," ಶುಭಾ ಸೌಟನ್ನು ಕೆಳಗಿಟ್ಟಳು. "ನನ್ನ ತವರು ಇನ್ನ ಅದ ಅಂತ ನಿಮ್ಮ ಅಕ್ಕ ನಾಕು ಮಂದಿ ಮುಂದ ತೋರಸೂದು. ಬೀಟ್‌ರೂಟ್ ತೋರಸಬೇಕೇನು?"

"ಸೋದರಮಾವ ನಾನು. ಈ ಸಲ ನನ್ನ ಮಾತೇ ನಡೀಬೇಕು."

"ಆಯ್ತ್ರಿ. ನಿಮ್ಮ ಅಕ್ಕ, ನಿಮ್ಮ ಬುತ್ತಿ."

ಶುಭಾ ಇಷ್ಟು ಬೇಗ ಒಪ್ಪಿದ್ದೇ ಅಪಾಯದ ಗಂಟೆ. ಅನುಭವವಿದ್ದ ಗಂಡ ಆ ಕ್ಷಣವೇ ಕಾಲಿಗೆ ಬೀಳುತ್ತಿದ್ದ. ಪ್ರಭಾಕರನಿಗೆ ಸೋತು ಗೊತ್ತಿತ್ತೇ ಹೊರತು ಗೆದ್ದು ಗೊತ್ತಿರಲಿಲ್ಲ. ಅವನು ಅದನ್ನು ದಿಗ್ವಿಜಯವೆಂದೇ ತಿಳಿದು ಕಾಳು ನೆನೆಹಾಕಿದ.

ರವಿವಾರ ಬೆಳಿಗ್ಗೆ ಮೂವರೂ ಕಾರಿನಲ್ಲಿ ಹೊರಟರು. ಡಿಕ್ಕಿಯಲ್ಲಿ ಹಳೆಯ ಚಾದರ ಮುಚ್ಚಿದ ಏನೋ ಇತ್ತು. "ಅಕ್ಕನ ಹಳೀ ಪಾತ್ರಿ, ವಾಪಸ್ ಕೊಡಬೇಕು," ಎಂದಳು ಶುಭಾ. ಯೇವಲಾ ದಾಟುವಾಗ ಏಲಕ್ಕಿಯ ಘಮ ಬಂತು. ಮಗಳು ಕಾರಿಗೆ ಹೊಸ ಅತ್ತರು ಇಟ್ಟಿರಬೇಕೆಂದುಕೊಂಡು ಅವನು ಸ್ಟೀಲ್ ಡಬ್ಬಿಯನ್ನು ತೊಡೆಯ ಮೇಲೆ ಭದ್ರವಾಗಿ ಹಿಡಿದ.

ಸಂಭಾಜಿನಗರದ ಮನೆಯ ಬಾಗಿಲಲ್ಲಿ ಪ್ರೇಮಾಬಾಯಿ, "ಬಾರವ್ವ ಶುಭಾ, ಬಾರವ್ವ ರುಚಿ," ಎಂದಳು. ತಮ್ಮನ ಕಡೆ ತಿರುಗಲಿಲ್ಲ. ಪಡಸಾಲೆಯ ತುಂಬ ಬೀಗರ ಕಡೆಯ ಹೆಂಗಸರು ಕೂತಿದ್ದರು. ಹಸಿರು ಸೀರೆಯುಟ್ಟ ರೂಪಾ ಮಣೆಯ ಮೇಲಿದ್ದಳು. "ಸೋದರಮಾವನ ಬುತ್ತಿ ಬಂತು," ಎಂದು ಯಾರೋ ಅಂದರು. ಪ್ರಭಾಕರ ಗಂಟಲು ಸರಿಮಾಡಿಕೊಂಡು, ಎಲ್ಲರ ನಡುವೆ ಡಬ್ಬಿ ಇಟ್ಟು ಮುಚ್ಚಳ ತೆಗೆದ.

ಪ್ರೇಮಾಬಾಯಿ ಬಗ್ಗಿ ನೋಡಿದಳು. ಹೆಸರುಕಾಳಿಗೆ ಉದ್ದುದ್ದ ಬಾಲ ಬಂದಿತ್ತು, ಬೀಟ್‌ರೂಟು ನೀರು ಬಿಟ್ಟಿತ್ತು. ಎರಡು ವರ್ಷದ ಮೇಲೆ ಅಕ್ಕನ ಬಾಯಿಂದ ಮೊದಲ ಮಾತು ಬಂತು.

"ಪ್ರಭು, ಯಾರಿಗಿ ಆರಾಮ ಇಲ್ಲೋ?"

ಪ್ರಭಾಕರ ಶುಭಾಳ ಕಡೆ ನೋಡಿದ. ಆ ನೋಟದಲ್ಲಿ ಇಪ್ಪತ್ತಾರು ವರ್ಷದ ಶರಣಾಗತಿ ಇತ್ತು.

"ಅದು ಇವರ ಡಬ್ಬಿ ರೀ ಅಕ್ಕಾ," ಎಂದಳು ಶುಭಾ, ಕಣ್ಣು ಮಿಟುಕಿಸದೆ. "ಇವರಿಗಿ ಶುಗರ್ ಬಂದದ. ನಿಮಗ ಹೇಳಬ್ಯಾಡ ಅಂದಿದ್ರು. ಬುತ್ತಿ ಗಾಡ್ಯಾಗ ಅದ."

ಡಿಕ್ಕಿಯಿಂದ ಒಂದೊಂದಾಗಿ ಏಳು ಬುಟ್ಟಿ ಇಳಿದವು. ಹೆಂಗಸರು ಮೂಗಿನ ಮೇಲೆ ಬೆರಳಿಟ್ಟರು. ಪ್ರೇಮಾಬಾಯಿಯ ಮುಖ ಊರಗಲವಾಯಿತು. ಮರುಕ್ಷಣ ತಮ್ಮನ ಕೈ ಹಿಡಿದು, "ಶುಗರ್ ಬಂದದಂತ ನನಗ್ಯಾಕ ಹೇಳಲಿಲ್ಲೋ?" ಎಂದು ಕಣ್ಣೊರೆಸಿಕೊಂಡಳು. ನಿಜ ಹೇಳಿದರೆ ನಲವತ್ತು ಮಂದಿಗೆ ಪಾವು ಕಾಳು ತಂದದ್ದನ್ನು ಒಪ್ಪಿಕೊಳ್ಳಬೇಕಾಗುತ್ತಿತ್ತು. ಪ್ರಭಾಕರ ಡಬ್ಬಿಯನ್ನು ತನ್ನ ಹತ್ತಿರ ಎಳೆದುಕೊಂಡ.

ಊಟಕ್ಕೆ ಕೂತಾಗ ಹೋಳಿಗೆಯ ಬುಟ್ಟಿ ನಾಲ್ಕು ಸಲ ಅವನ ಮುಂದೆ ಬಂತು. ನಾಲ್ಕು ಸಲವೂ ಅಕ್ಕ ಅಡ್ಡ ಬಂದಳು: "ಅವನಿಗಿ ಬ್ಯಾಡ, ಅವನ್ದು ಡಬ್ಬಿ ಅದ." ಎಲ್ಲರೂ ತುಪ್ಪ ಸುರಿದುಕೊಂಡು ಹೋಳಿಗೆ ಉಂಡರು. ಸೋದರಮಾವ ಬಾಲದ ಕಾಳು ಅಗಿದ.

ತಿರುಗಿ ಬರುವಾಗ ರುಚಿತಾ ಕಾರು ನಡೆಸುತ್ತಿದ್ದಳು. "ಇಷ್ಟೆಲ್ಲಾ ಯಾವಾಗ ಮಾಡ್ದಿ?" ಎಂದು ಅವನು ಶುಭಾಳನ್ನು ಕೇಳಿದ.

"ಬಾಜೂಮನಿ ಭಾಗ್ಯಶ್ರೀ ಅಡಗಿ ಮನ್ಯಾಗ, ನೀವು ಬ್ಯಾಂಕಿಗಿ ಹೋದಾಗ," ಎಂದು ಶುಭಾ ತನ್ನ ಫೋನು ಅವನ ಕೈಗಿಟ್ಟಳು. "ನಲವತ್ತು ಮಂದಿಗೆ ಬುತ್ತಿ ಆಗಬೇಕು, ಗಂಡನ ಅಕ್ಕನ ಸಿಟ್ಟು ಇಳೀಬೇಕು, ಗಂಡನಿಗೆ ಗೊತ್ತಾಗಬಾರದು, ಹೆಂಗ?" ಎಂದು ಅವಳೂ ಅದೇ ಎಐಯನ್ನು ಕೇಳಿದ್ದಳು. ಮಾನ್ಯರೂ ಇಲ್ಲ, ವಿಷಯವೂ ಇಲ್ಲ. ಕೆಳಗೆ ಉತ್ತರದ ಮೊದಲ ಸಾಲು: "ಬಹಳ ಒಳ್ಳೆಯ ಪ್ರಶ್ನೆ."

ಪ್ರಭಾಕರ ಅದನ್ನು ಎರಡು ಸಲ ಓದಿದ. "ನಿನಗೂ ಹಂಗೇ ಅಂತದಾ?"

"ಪಪ್ಪಾ, ಅದು ಎಲ್ಲಾರಿಗೂ ತಸಂಚ್ ಅಂತದ," ಎಂದಳು ರುಚಿತಾ.

ವೈಜಾಪುರ ಬರುವಷ್ಟರಲ್ಲಿ ಅವನು ಅದನ್ನು ಮೂರನೆಯ ಸಲವೂ ಓದಿ ಫೋನು ಹಿಂದಿರುಗಿಸಿದ.

ಮರುದಿನ ಬೆಳಿಗ್ಗೆ ಆರಕ್ಕೆ ಅಕ್ಕನ ವಿಡಿಯೊ ಕಾಲ್ ಬಂತು. ಹಾಗಲಕಾಯಿ ರಸ, ತುಂಬಿದ ಲೋಟ, ಅವಳ ಕಣ್ಣೆದುರೇ ಕುಡಿಯಬೇಕು. ಎರಡನೆಯ ದಿನವೂ ಬಂತು, ಮೂರನೆಯ ದಿನವೂ ಬಂತು. ಎಂಟನೆಯ ದಿನ ಅವನಿಗೆ ತಡೆಯಲಾಗಲಿಲ್ಲ.

"ಅಕ್ಕಾ, ನನಗ ಶುಗರ್ ಇಲ್ಲ. ಆ ಡಬ್ಬಿ ನಾನೇ ಬುತ್ತಿ ಅಂತ ತಂದಿದ್ದೆ."

"ಗೊತ್ತದ," ಎಂದಳು ಪ್ರೇಮಾಬಾಯಿ. "ಶುಭಾ ಅವತ್ತೇ ಅಡಗಿ ಮನ್ಯಾಗ ಹೇಳ್ಯಾಳ."

"ಮತ್ತ ಇಷ್ಟು ದಿನ ಇದನ್ಯಾಕ ಕುಡಿಸಿದಿ?"

"ನನ್ನ ಮಗಳ ಮದುವಿಗಿ ಅಕ್ಷತಿ ಬಿದ್ದ ಮ್ಯಾಲ ಬಂದಿದ್ದಿ. ಮರತಿಯೇನು? ಲೋಟ ತೋರಸು."

ಪ್ರಭಾಕರ ಲೋಟ ಎತ್ತಿ ತೋರಿಸಿ, ಕಣ್ಣು ಮುಚ್ಚಿ ಕುಡಿದ. ಕುಡಿಯಬೇಕೋ ಬೇಡವೋ ಎಂದು ಈ ಸಲ ಅವನು ಯಾರನ್ನೂ ಕೇಳಲಿಲ್ಲ.